ಮಂಡಲ ಮೆಂಬರಿನ ಟ್ರಂಕು

ರಾಜಕಾರಣಿಯ ಮನೆಯ ಷೋಕೇಸು ನೋಡಿ ಮರುಳಾಗಬೇಡಿ. ಫೈಬರ್ ಗಾಜಿನ ವೀಣೆ, ಗಂಧದ ಬಣ್ಣ ಬಳಿದ ಆನೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರು ಕಟ್ಟಿ ಕೂತ ಮೈಸೂರು ಪೇಟ, ಇವಕ್ಕೆ ನಮ್ಮಂಥ ಹಳೇ ಸಾಮಾನಿನ ಹುಚ್ಚರ ಲೋಕದಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಇಂಥ ಸ್ಮರಣಿಕೆಗಳು ಹೆಸರಿನ ತಗಡು ಕಿತ್ತ ಗಾಯದ ಸಮೇತ ಕಣ್ಣಿಗೆ ಬೀಳುತ್ತವೆ. ಅಪ್ಪನೋ ಅಮ್ಮನೋ ಪಂಚಾಯ್ತಿ ಮೆಂಬರಾಗಿದ್ದರೆ ಷೋಕೇಸು ಬಿಟ್ಟು ಅಟ್ಟದ ಟ್ರಂಕು ಇಳಿಸಿ. ಹುಡುಕಬೇಕಾದದ್ದು ಕಾಗದ. ಅದರಲ್ಲೂ ಕೊಳಕಾದ ಕಾಗದ.

ನಮ್ಮಮ್ಮ 1987ರಲ್ಲಿ ಮಂಡಲ ಪಂಚಾಯ್ತಿ ಮೆಂಬರಾದವಳು. ರಾಮಕೃಷ್ಣ ಹೆಗಡೆಯವರ ಸರ್ಕಾರ, ಮಂತ್ರಿ ಅಬ್ದುಲ್ ನಜೀರ್ ಸಾಬರ ಹಟ, ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ. ಊರಿನ ಗಂಡಸರು ‘ಯಾರನ್ನಾದರೂ ನಿಲ್ಲಿಸಬೇಕಲ್ಲ’ ಎಂದು ಹುಡುಕಿ ನಿಲ್ಲಿಸಿದವರಲ್ಲಿ ಇವಳೂ ಒಬ್ಬಳು. ಆ ವರ್ಷದ ಜನವರಿಯಲ್ಲಿ ಚುನಾವಣೆ. 1992ರಲ್ಲಿ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಹೊಸ ಕಾಯ್ದೆಯಲ್ಲಿ ‘ಮಂಡಲ’ ಹೋಗಿ ‘ಗ್ರಾಮ’ ಬಂತು. ಸಂಗ್ರಾಹಕನಿಗೆ ಇದಕ್ಕಿಂತ ಅನುಕೂಲ ಬೇಕೆ? ಮಂಡಲ ಪಂಚಾಯ್ತಿ ಮೆಂಬರಿನ ಹೆಸರಿರುವ ಲೆಟರ್‌ಹೆಡ್ಡು, ಆಮಂತ್ರಣ ಪತ್ರಿಕೆ ಏನೇ ಸಿಗಲಿ, ಆ ಐದು ವರ್ಷದ್ದೇ. ತಾರೀಖು ಹರಿದುಹೋಗಿದ್ದರೂ ಚಿಂತೆಯಿಲ್ಲ. ಫೋಟೊದಲ್ಲಿ ನಜೀರ್ ಸಾಬರು ನಿಂತಿದ್ದರಂತೂ ಇನ್ನೂ ಹತ್ತಿರ ಬಂದಿರಿ. ಅವರು 1988ರಲ್ಲೇ ತೀರಿಕೊಂಡರು.

ಚಿಹ್ನೆಗಳೂ ಹೀಗೆಯೇ ಪಂಚಾಂಗದ ಕೆಲಸ ಮಾಡುತ್ತವೆ. ಕಾಂಗ್ರೆಸ್ಸಿನ ಬಿಲ್ಲೆಯಲ್ಲಿ ಜೋಡೆತ್ತು ಇದ್ದರೆ ಅದು ಇಂದಿರಾ ಕಾಂಗ್ರೆಸ್ಸಿಗಿಂತ ಹಿಂದಿನ ಕಾಲದ್ದು. ಹಸು-ಕರು ಇದ್ದರೆ ಎಪ್ಪತ್ತರ ದಶಕ. ಕೈ ಬಂದದ್ದು 1978ರಲ್ಲಿ. ಚಿಕ್ಕಮಗಳೂರಿನ ಉಪಚುನಾವಣೆಯ ಹೊತ್ತಿಗೆ ಹೊಚ್ಚಹೊಸ ಗುರುತು. ಅಮ್ಮನದು ಜನತಾ ಪಕ್ಷ: ಚಕ್ರದೊಳಗೆ ನೇಗಿಲು ಹೊತ್ತ ರೈತ.

ಆ ರೈತನಿರುವ ಪಾಂಪ್ಲೆಟ್ಟು ಒಂದೇ ಒಂದು ಉಳಿದಿದೆ. ತೆಳ್ಳಗಿನ ಗುಲಾಬಿ ಕಾಗದ. ಬೆಳಕಿಗೆ ಓರೆಯಾಗಿ ಹಿಡಿದು ಹಿಂಬದಿಯಲ್ಲಿ ಬೆರಳಾಡಿಸಿದರೆ ಅಕ್ಷರಗಳು ಉಬ್ಬಿಕೊಂಡು ತಾಕುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕಿದ್ದಕ್ಕೆ ಇದೇ ಸಾಕ್ಷಿ, ಆಫ್‌ಸೆಟ್ಟಿನಲ್ಲಿ ಈ ಉಬ್ಬು ಸಿಗದು. ಕನ್ನಡದ ಒತ್ತಕ್ಷರಗಳನ್ನು ಬೇರೆಯಾಗಿ ಕೂರಿಸುತ್ತಿದ್ದರಲ್ಲ, ಅವಸರದ ಕಂಪೋಸಿಂಗಿನಲ್ಲಿ ‘ಅಭ್ಯರ್ಥಿ’ಯ ಯವತ್ತು ಒಂದು ಕೂದಲೆಳೆ ಕೆಳಕ್ಕೆ ಜಾರಿ ಕೂತಿದೆ. ರೈತನ ಬ್ಲಾಕು ಎಷ್ಟು ಚುನಾವಣೆ ಕಂಡಿತ್ತೋ, ಅವನ ಮುಖ ಪೂರಾ ಸವೆದುಹೋಗಿ ನೇಗಿಲು ಮಾತ್ರ ಸ್ಪಷ್ಟ. ಅಡಿಯಲ್ಲಿ ಪ್ರೆಸ್ಸಿನ ಹೆಸರು. ವಿಧಾನಸಭೆ, ಲೋಕಸಭೆ ಚುನಾವಣೆಗೆ ಮುದ್ರಕರ, ಪ್ರಕಾಶಕರ ಹೆಸರು ಹಾಕಲೇಬೇಕೆಂದು ಜನಪ್ರತಿನಿಧಿ ಕಾಯ್ದೆಯ 127ಎ ಹೇಳುತ್ತದೆ. ಆ ಅಭ್ಯಾಸದ ಬಲದಿಂದಲೋ ಏನೋ, ನಮ್ಮ ತಾಲ್ಲೂಕಿನ ಪ್ರೆಸ್ಸಿನವರು ಮದುವೆ ಪತ್ರಿಕೆಗೂ ಹೆಸರು ಬಿಡುತ್ತಿರಲಿಲ್ಲ.

ಆದರೆ ಪಾಂಪ್ಲೆಟ್ಟಿನ ಅಸಲು ಬೆಲೆ ಇರುವುದು ಹಿಂಬದಿಯಲ್ಲಿ. ಪೆನ್ಸಿಲಿನಲ್ಲಿ ಅಮ್ಮನ ಲೆಕ್ಕ: ಎಲೆ ಅಡಿಕೆ, ಬೀಡಿ ಕಟ್ಟು, ಮೈಕಿನ ಬಾಡಿಗೆ, ಆಮೇಲೆ ‘ಬಾವನಿಗೆ ಕೊಟ್ಟದ್ದು’. ಕೊನೆಯದರ ಮುಂದೆ ಮೊತ್ತ ಬರೆದಿಲ್ಲ. ಬಾವ ಯಾಕೆ ಈಸಿಕೊಂಡ ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಚರ್ಚೆಯ ವಿಷಯ.

ಟ್ರಂಕಿನಲ್ಲಿ ಇನ್ನೊಂದು ಕಟ್ಟಿತ್ತು, ಚೀಟಿಗಳದ್ದು. ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ನಜೀರ್ ಸಾಬರ ಕಾಲ ಅದು; ಊರಿಗೆ ಇಂಡಿಯಾ ಮಾರ್ಕ್ ಎರಡು ಕೈಪಂಪು ಬಂದಿತ್ತು, ಬಂದದ್ದು ಕೆಡಲೇಬೇಕಲ್ಲ. ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯಲ್ಲಿ ಮಗುವಿನ ದುಂಡನೆಯ ಅಕ್ಷರ: ‘ಮೆಂಬರಮ್ಮನವರಿಗೆ. ಪಂಪಿನ ಚೈನು ಕಿತ್ತಿದೆ. ಅಜ್ಜಿ ಹೇಳಿದ್ದು.’ ಸಹಿಯ ಜಾಗದಲ್ಲಿ ಅಜ್ಜಿಯ ಹೆಬ್ಬೆಟ್ಟು. ಶಾಯಿಯದಲ್ಲ, ಯಾವುದೋ ಮಸಿ. ಅದನ್ನು ಯಾರಾದರೂ ಹತ್ತು ಬೆಳ್ಳಿ ತಟ್ಟೆ ಕೊಡುತ್ತೇನೆಂದು ಕೇಳಿದರೂ ಕೊಡಲಾರೆ.

ಗ್ರೂಪ್ ಫೋಟೊ ಇದೆ. ಮುಂದಿನ ಸಾಲಿನ ಕುರ್ಚಿಗಳ ಒಂದು ತುದಿಗೆ ಹೆಂಗಸರು, ಸೆರಗು ಹೊದ್ದು. ಹಿಂದಿನ ಸಾಲಿನಲ್ಲಿ ಎದೆಯುಬ್ಬಿಸಿ ನಿಂತವರಲ್ಲಿ ಕನಿಷ್ಠ ಮೂವರು ಮೆಂಬರುಗಳೇ ಅಲ್ಲ, ಮೆಂಬರಮ್ಮಂದಿರ ಗಂಡಂದಿರು. ಅದರಲ್ಲೊಬ್ಬರು ನಮ್ಮಪ್ಪ. ಅಧ್ಯಕ್ಷರಿಗಿಂತ ಗತ್ತಾಗಿ ಅವರೇ ಕಾಣುತ್ತಾರೆ. ಇಂಥ ಫೋಟೊ ಸಿಕ್ಕರೆ ಮೊದಲು ಮಾಡಬೇಕಾದ್ದು ಒಂದೇ, ಊರಿನ ಹಿರಿಯರ ಮುಂದೆ ಹಿಡಿದು ಹೆಸರು ಕೇಳಿ ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲಿನಲ್ಲಿ ಬರೆದಿಡುವುದು. ಬಾಲ್‌ಪೆನ್ನು ಬೇಡ, ಒತ್ತು ಮುಂದಕ್ಕೆ ಮೂಡುತ್ತದೆ. ಲ್ಯಾಮಿನೇಷನ್ ಅಂತೂ ದೇವರಾಣೆಗೂ ಬೇಡ. ಒಳಗೆ ಸಿಕ್ಕಿದ ಕಾಗದವನ್ನು ಬಿಡಿಸಿಕೊಳ್ಳುವ ಉಪಾಯ ನಮ್ಮ ನಿಮ್ಮ ಕೈಲಿಲ್ಲ. ಸೆಲೋಟೇಪೂ ಅದೇ ಜಾತಿಯ ಪಾಪ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಟ್ರಂಕಿನಲ್ಲಿ ನಡಾವಳಿ ಪುಸ್ತಕ ಸಿಕ್ಕರೆ ಅದು ನಿಮ್ಮದಲ್ಲ, ಊರಿನದು. ಫೋಟೊ ತೆಗೆದಿಟ್ಟುಕೊಂಡು ಪಂಚಾಯ್ತಿ ಕಚೇರಿಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಯಾವ ಠರಾವಿನ ಮೇಲೆ ಯಾರ ಹೊಲದ ದಾರಿ ನಿಂತಿದೆಯೋ ಯಾರು ಬಲ್ಲರು. ಹಳೆಯ ರಬ್ಬರ್ ಸ್ಟಾಂಪು ಸಿಕ್ಕರೆ ಇಟ್ಟುಕೊಳ್ಳಿ, ಆದರೆ ಬ್ಲೇಡಿನಿಂದ ಅಡ್ಡ ಗೀರಿ. ಮೊಮ್ಮಕ್ಕಳ ಕೈಗೆ ಸಿಕ್ಕರೆ ಆಟ, ಬೇರೆಯವರ ಕೈಗೆ ಸಿಕ್ಕರೆ ಕೇಸು.

ಇನ್ನು ಅಪರೂಪದ ಮಾತು. ಗೆದ್ದವರ ಪಾಂಪ್ಲೆಟ್ಟು ಎಲ್ಲೋ ಒಂದು ಉಳಿದಿರುತ್ತದೆ. ಸೋತವರ ಮನೆಯಲ್ಲಿ ಅದು ಫಲಿತಾಂಶದ ರಾತ್ರಿಯೇ ನೀರೊಲೆಗೆ ಹೋಗಿರುತ್ತದೆ. ಹಾಗಾಗಿ ಇಂಥ ಸಂಗ್ರಹದಲ್ಲಿ ಸೋತವರ ಕಾಗದಕ್ಕೇ ಮಾನ ಹೆಚ್ಚು. ಅಮ್ಮನ ಎದುರು ನಿಂತು ಸೋತ ಹೆಣ್ಣುಮಗಳ ಪಾಂಪ್ಲೆಟ್ಟು ಅವರ ಮಗನ ಹತ್ತಿರ ಇದೆ, ಕಣ್ಣಾರೆ ನೋಡಿದ್ದೇನೆ. ಹಳದಿ ಕಾಗದ, ಹಸ್ತದ ಗುರುತು, ಅದೇ ಪ್ರೆಸ್ಸು. ದುಡ್ಡಿಗೆ ಕೊಡುವುದಿಲ್ಲವಂತೆ. ನಮ್ಮ ಗುಲಾಬಿ ಪಾಂಪ್ಲೆಟ್ಟು ಕೊಟ್ಟರೆ ಅದಲುಬದಲು ಮಾಡಿಕೊಳ್ಳುತ್ತಾನಂತೆ. ಹಿಂದೆ ಬಾವನ ಲೆಕ್ಕ ಇರುವುದು ಅವನಿಗೂ ಗೊತ್ತು. ಮಾತುಕತೆ ನಡೆದಿದೆ.