ರಸಬಾಳೆಗೆ ಮುತ್ತಿದ ಮಿದುಳು

ನಂಜನಗೂಡು ರಸಬಾಳೆಯ ಚಿಪ್ಪು ತಂದಿಟ್ಟವರಿಗೆ ಗೊತ್ತು: ಹಣ್ಣು ಕಳಿತ ಗಮಲು ಹಬ್ಬಿದ್ದೇ ತಡ, ಕೆಂಗಣ್ಣಿನ ಪುಟ್ಟ ನೊಣಗಳ ದಂಡು ಹಾಜರ್. ಕಪಿಲೆಯ ಗುಂಟ ತಿ. ನರಸೀಪುರದ ಸಂಗಮದವರೆಗೆ ಹೋದರೂ ಹಣ್ಣಿನಂಗಡಿ ಇದ್ದಲ್ಲೆಲ್ಲ ಇವುಗಳದೇ ಕಾಟ. ಹೆಸರು ಡ್ರೊಸೊಫಿಲ. ಸೂಕ್ಷ್ಮದರ್ಶಕದ ಚಟ ಹತ್ತಿದವರಿಗೆ ಮಾತ್ರ ಇದು ಪುಕ್ಕಟೆ ಸಿಗುವ ಪ್ರಯೋಗಪ್ರಾಣಿ.

ಮಿದುಳಿನ ಮಾತನ್ನೇ ತೆಗೆದುಕೊಳ್ಳಿ: ಸುಂಡಿಲಿಯ ಮಿದುಳನ್ನು ಎಂಆರ್‌ಐನಲ್ಲಿ ನೋಡಲು ಅರಿವಳಿಕೆ ಬೇಕು, ಭಾರಿ ಅಯಸ್ಕಾಂತ ಬೇಕು, ಉಸಿರಾಟ ಕಾಯುವವರು ಬೇಕು. ನೊಣದ ಮಿದುಳು ಗಸಗಸೆ ಕಾಳಿಗಿಂತ ಚಿಕ್ಕದು. ಹೊರತೆಗೆಯಲು ಒಂದು ಹನಿ ಲವಣದ್ರಾವಣ, ಎರಡು ಮೊನಚು ಚಿಮುಟ ಸಾಕು. ಒಂದರಲ್ಲಿ ಮೂತಿ ಹಿಡಿದು, ಇನ್ನೊಂದರಲ್ಲಿ ಕಣ್ಣಿನ ಅಂಚಿನಿಂದ ಚಿಪ್ಪು ಸುಲಿಯಬೇಕು. ಬಿಳಿ ದಾರದಂಥ ಉಸಿರ್ನಾಳಗಳನ್ನು ಬಿಡಿಸಿದರೆ ಮಿದುಳು ಕಾಣುತ್ತದೆ. ಮೊದಮೊದಲು ನನ್ನ ಕೈಯಲ್ಲಿ ಸಿಕ್ಕಿದ್ದೆಲ್ಲ ಚಟ್ನಿ.

ಆದರೆ ಕಂಡದ್ದು ಬರೀ ಮಬ್ಬು ಮುದ್ದೆ. ಯಾವ ನರಕೋಶ ಯಾವುದೆಂದು ತಿಳಿಯುವುದು ಹೇಗೆ? 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ಬೇಕಾದ ಕೋಶಗಳಲ್ಲಿ ಮಾತ್ರ ಬೇಕಾದ ಜೀನ್ ಚಾಲೂ ಮಾಡುವ ಉಪಾಯ ಕೊಟ್ಟರು. ಅದಕ್ಕೆ ಅಂಬಲಿಮೀನಿನ ಹಸಿರು ಪ್ರೋಟೀನ್ ಜೋಡಿಸಿದರೆ, ನೀಲಿ ಬೆಳಕು ಬಿಟ್ಟು ಹಳದಿ ಶೋಧಕದ ಮೂಲಕ ನೋಡಿದಾಗ ಆರಿಸಿದ ಕೋಶಗಳಷ್ಟೇ ಹೊಳೆಯುತ್ತವೆ. ಹೊಳಪು ಜೋರಾಗಿರುವ ತಳಿಯಾದರೆ ಇಷ್ಟಕ್ಕೆ ಕಾಲೇಜಿನ ಮೇಜೇ ಸಾಕು. ಆಳದ ಪದರಗಳನ್ನು ಬಿಡಿಬಿಡಿಯಾಗಿ ನೋಡಬೇಕಾದರೆ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಬೇಕು.

ಸರಳತೆಗೆ ಮಿತಿಯೂ ಉಂಟು. 2024ರಲ್ಲಿ ಪ್ರಕಟವಾದ ನೊಣದ ಮಿದುಳಿನ ಪೂರ್ಣ ನಕ್ಷೆಯಲ್ಲಿ 1,39,255 ನರಕೋಶಗಳಿವೆ. ಅದರ ಹಿಂದೆ 7,000ಕ್ಕೂ ಹೆಚ್ಚು ತೆಳು ಸೀಳುಗಳು, ಸುಮಾರು 2.1 ಕೋಟಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳಿವೆ. ಅದು ಚಿಮುಟದ ಕೆಲಸವಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಮುಂದೆ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರ ಕಟ್ಟಿದ ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರಾಡ್ರಿಗಸ್ 1970ರ ದಶಕದಲ್ಲಿ ವಾಸನೆ ಹತ್ತದ ನೊಣಗಳನ್ನು ಹೆಕ್ಕಿದ್ದು ಅವುಗಳ ನಡವಳಿಕೆಯಿಂದಲೇ. ಪ್ರಶ್ನೆ ಹರಿತವಾಗಿದ್ದರೆ ಸಲಕರಣೆ ಚಿಕ್ಕದಾದರೂ ನಡೆಯುತ್ತದೆ.

ಬಾಳೆಹಣ್ಣಿಗೆ ಮುತ್ತುವ ನೊಣ ಹೊಳೆಯುವುದಿಲ್ಲ. ಹೊಳೆಯುವ ತಳಿಯನ್ನು ಪ್ರಯೋಗಾಲಯದಿಂದಲೇ ಪಡೆಯಬೇಕು, ಕೆಲಸ ಮುಗಿದ ಮೇಲೆ ಹೊರಗೆ ಬಿಡದೆ ಫ್ರೀಜರಿಗೆ ಹಾಕಬೇಕು. ತಳಿಗಳ ವಿಚಾರ ತಿಳಿಯಲು ದೂರ ಹೋಗಬೇಕಿಲ್ಲ, ಮೈಸೂರಿನ ಮಾನಸಗಂಗೋತ್ರಿಯಲ್ಲೇ ಡ್ರೊಸೊಫಿಲ ತಳಿಸಂಗ್ರಹ ಕೇಂದ್ರವಿದೆ. ಕಾಲೇಜಿನ ಮೇಷ್ಟರುಗಳಿಗೆ ನನ್ನದೊಂದೇ ಮಾತು: ಮೊದಲು ಒಳ್ಳೆಯ ಚಿಮುಟ ಕೊಳ್ಳಿ, ಕ್ಯಾಮೆರಾ ಆಮೇಲಾಗಲಿ.