ಎರೆಮಣ್ಣಿನ ಹೆಜ್ಜೆ

ಅಮೆರಿಕದ ಬೆಟ್ಟಗಳಲ್ಲಿ ಪೂಮಾದ ಜಾಡು ಹಿಡಿಯುವವರಿಗೆ ಹೊಸ ಹಿಮ ಬೀಳಬೇಕು. ಸಮೀರವಾಡಿಯ ಕಬ್ಬಿನ ಹೊಲದವರಿಗೆ ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಬಂದರೆ ಸಾಕು. ನೀರು ಕುಡಿದ ಎರೆಮಣ್ಣಿನ ಬದುವಿನ ಮೇಲೆ ಹಾದುಹೋದವರೆಲ್ಲ ಬೆಳಗ್ಗೆ ಸಿಕ್ಕಿಬೀಳುತ್ತಾರೆ.

ಬಲ್ಲವರು ಕುಕ್ಕರಗಾಲಲ್ಲಿ ಕೂತು ಮೊದಲು ಉಗುರು ಹುಡುಕುತ್ತಾರೆ. ನಾಯಿ, ತೋಳ, ಕತ್ತೆಕಿರುಬದ ಉಗುರು ಮಣ್ಣಿಗೆ ಚುಚ್ಚಿರುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ನಾಲ್ಕು ದುಂಡು ಬೆರಳು, ಹಿಂದೆ ಮೂರು ಉಬ್ಬಿನ ಅಂಗಾಲು ಮಾತ್ರ ಕಾಣುತ್ತದೆ. ಜಾರುವ ಕೆಸರಿನಲ್ಲಿ ಅದೂ ಉಗುರೂರುವುದುಂಟು. ಆದ್ದರಿಂದ ಒಂದೇ ಹೆಜ್ಜೆ ನೋಡಿ ಊರೆಲ್ಲ ಎಬ್ಬಿಸಬಾರದು, ಸಾಲು ನೋಡಬೇಕು. ಕತ್ತೆಕಿರುಬವಾದರೆ ಮುಂಗಾಲೇ ಹಿಂಗಾಲಿಗಿಂತ ದೊಡ್ಡದು.

ಆದರೆ ಅದೇ ಸೀಮೆಯಲ್ಲಿ, 2016ರಲ್ಲಿ ಅಭಯಾರಣ್ಯವಾದ ಯಡಹಳ್ಳಿಯ ಚಿಂಕಾರ ಕಾಡಿನ ಕಲ್ಲುನೆಲದಲ್ಲಿ ಹೆಜ್ಜೆ ಮೂಡುವುದೇ ಕಡಿಮೆ. ಅಲ್ಲಿ ಮೂಳೆ ತಿಂದದ್ದರಿಂದ ಬೆಳ್ಳಗಾದ ಹಿಕ್ಕೆ ನೋಡಿ ಕತ್ತೆಕಿರುಬ ಎನ್ನಬೇಕು.