ಜೋಗುಳದ ಪಾಠ ಮತ್ತು ಜೋಗುಳದ ಕೆಲಸ

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ದಿನದಿಂದ ನಮ್ಮಲ್ಲಿ ತಾಯಿ-ಮಕ್ಕಳ ತ್ರಿಪದಿಗಳನ್ನು ಮೆಚ್ಚಿ ಬರೆದವರು ಅನೇಕರು. ಆ ಮೆಚ್ಚುಗೆ ಅಸ್ಥಾನದ್ದಲ್ಲ. ಆದರೆ ಜೋಗುಳದ ವಿಷಯಕ್ಕೆ ಬಂದಾಗ ಅದರ ರೀತಿಯಲ್ಲಿ ಒಂದು ಕೊರತೆ ಕಾಣುತ್ತದೆ. ವಿಮರ್ಶಕರು ಎಚ್ಚರವಾಗಿ ಕುಳಿತು ಜೋಗುಳವನ್ನು ಓದುತ್ತಾರೆ; ಅದರೊಳಗಿನ ಉಪಮೆಗಳನ್ನು ಆರಿಸುತ್ತಾರೆ; ತಾಯಿಯ ಹೃದಯದ ಮಾರ್ದವವನ್ನು ಕೊಂಡಾಡುತ್ತಾರೆ. ಕೂಸನ್ನು ಮಲಗಿಸುವುದಕ್ಕೆಂದೇ ಹುಟ್ಟಿದ ಹಾಡು ಆ ಕೆಲಸವನ್ನು ಹೇಗೆ ಮಾಡುತ್ತದೆಂದು ಕೇಳುವವರು ಮಾತ್ರ ವಿರಳ. ಕೇಳುವವನ ಗಮನವನ್ನು ಹಿಡಿದಿಡುವುದು ಉಳಿದ ಕಾವ್ಯದ ಗುಣವಾದರೆ, ಅದನ್ನು ಮೆಲ್ಲಗೆ ಬಿಡಿಸುವುದೇ ಜೋಗುಳದ ಗುಣ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಲಾಗದು.

ಮೊದಲಿಗೆ, ಎರಡು ಬಗೆಯ ಹಾಡುಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ನಾಮಕರಣದ ದಿನ ಮುತ್ತೈದೆಯರು ಸೇರಿ ತೊಟ್ಟಿಲು ತೂಗುತ್ತ ಹಾಡುವುದು ಒಂದು. ನಡುರಾತ್ರಿ ಒಬ್ಬಳೇ ತಾಯಿ ಅಳುವ ಕೂಸಿನ ಮುಂದೆ ಹಾಡುವುದು ಇನ್ನೊಂದು. ಮುಂಬಯಿಯ ಕನ್ನಡಿಗರಿಗೆ ಈ ಭೇದವನ್ನು ವಿವರಿಸಬೇಕಾದುದಿಲ್ಲ. ನೆರೆಯ ಮರಾಠಿಯಲ್ಲಿ ಬಾರಸೆಯ ದಿನ ಹಾಡುವುದು ‘ಪಾಳಣಾ’, ಮಗುವನ್ನು ಮಲಗಿಸುವುದು ‘ಅಂಗಾಈ’. ಎರಡಕ್ಕೂ ಬೇರೆ ಬೇರೆ ಹೆಸರುಗಳಿವೆ. ಮೊದಲನೆಯ ಬಗೆಯ ಹಾಡಿಗೆ ಶ್ರೋತೃಗಳು ನೆರೆದ ಹೆಂಗಸರು. ಅಲ್ಲಿ ವಂಶದ ಹೊಗಳಿಕೆ, ಬಂಧುಗಳ ಹೆಸರು, ಹರಕೆ ಎಲ್ಲಕ್ಕೂ ಎಡೆಯುಂಟು. ಆ ಗದ್ದಲದಲ್ಲಿ ಮಗು ಕಣ್ಣರಳಿಸಿಕೊಂಡು ಎಚ್ಚರವಾಗಿಯೇ ಇರುತ್ತದೆ! ಸಂಗ್ರಹಕಾರರಿಗೆ ಸುಲಭವಾಗಿ ಸಿಕ್ಕುವುದು ಇದೇ. ಎರಡನೆಯದನ್ನು ಕೇಳಲು ಹೊರಗಿನವರಿಗೆ ಅವಕಾಶವೇ ಕಡಿಮೆ.

ಈ ಎರಡನೆಯದರಲ್ಲಿ ಅರ್ಥಕ್ಕಿಂತ ನಾದ ಹಿರಿದು. ಕನ್ನಡ, ತೆಲುಗು, ಮರಾಠಿ ಮೂರರಲ್ಲಿಯೂ ‘ಜೋ ಜೋ’ ಎಂಬುದೇ ಪಲ್ಲವಿ. ತಮಿಳರಲ್ಲಿ ‘ಆರಾರೋ ಆರಿರಾರೋ’ ಎನ್ನುತ್ತಾರೆ; ಅವರು ಜೋಗುಳಕ್ಕೆ ಕೊಟ್ಟಿರುವ ‘ತಾಲಾಟ್ಟು’ ಎಂಬ ಹೆಸರಿಗೆ ನಾಲಗೆಯನ್ನು ಆಡಿಸುವುದು ಎಂದು ಅರ್ಥ ಹೇಳುವುದುಂಟು. ದೀರ್ಘವಾದ ಓಕಾರ, ಆಕಾರ, ರೇಫ-ಲಕಾರಗಳ ತೇಲಾಟ: ನಾಲ್ಕು ಭಾಷೆಗಳ ತಾಯಂದಿರು ಆರಿಸಿಕೊಂಡ ಸಾಮಗ್ರಿ ಹೆಚ್ಚು ಕಡಿಮೆ ಒಂದೇ. ಇದು ಆಕಸ್ಮಿಕವಲ್ಲವೆಂದು ತೋರುತ್ತದೆ. 2020ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಶಿಶುಗಳಿಗೆ ಅಪರಿಚಿತ ಭಾಷೆಗಳ ಹಾಡುಗಳನ್ನು ಕೇಳಿಸಿ ಪರೀಕ್ಷಿಸಿದಾಗ, ಬೇರೆ ಹಾಡುಗಳಿಗಿಂತ ಜೋಗುಳಗಳನ್ನು ಕೇಳುವಾಗ ಹೃದಯದ ಬಡಿತ ಹೆಚ್ಚು ತಗ್ಗಿದುದನ್ನು ಕಂಡರು. ಕೂಸಿಗೆ ಭಾಷೆ ಬೇಕಿರಲಿಲ್ಲ. ನಮ್ಮ ಮುದ್ರಿತ ಪಾಠಗಳಲ್ಲಾದರೋ ‘ಜೋ ಜೋ’ ಒಂದು ಸಲ ಅಚ್ಚಾಗಿ, ಮುಂದೆ ಚುಕ್ಕೆಗಳಲ್ಲಿ ಅಡಗಿಹೋಗುತ್ತದೆ. ನಿರರ್ಥಕವೆಂದು ಸಂಪಾದಕರು ಕೈಬಿಟ್ಟುದೇ ಹಾಡಿನ ಜೀವವಾಗಿತ್ತು.

ಹಾಗಾದರೆ ನಿದ್ದೆ ಯಾವುದರಲ್ಲಿದೆ? ರಾಗದಲ್ಲಿದೆ ಎಂಬುದು ಸಂಗೀತಜ್ಞರ ವಾಡಿಕೆಯ ಉತ್ತರ. ಕರ್ನಾಟಕ ಸಂಗೀತದಲ್ಲಿ 29ನೆಯ ಮೇಳ ಧೀರಶಂಕರಾಭರಣದಿಂದ ಹುಟ್ಟಿದ ನೀಲಾಂಬರಿಗೆ ನಿದ್ರಾಜನಕವೆಂಬ ಖ್ಯಾತಿಯುಂಟು. ತ್ಯಾಗರಾಜರ ಉಯ್ಯಾಲೆಯ ಕೃತಿ ಆ ರಾಗದಲ್ಲಿದೆ ಎಂಬುದೂ ನಿಜ. ಆದರೆ ಮುತ್ತುಸ್ವಾಮಿ ದೀಕ್ಷಿತರು ನಾಗಪಟ್ಟಣದ ನೀಲಾಯತಾಕ್ಷಿಯನ್ನು ಸ್ತುತಿಸಿದುದೂ ಇದೇ ನೀಲಾಂಬರಿಯಲ್ಲಿ. ಅದನ್ನು ಕೇಳಿ ಸಭೆ ತೂಕಡಿಸಿದರೆ ದೋಷ ರಾಗದ್ದಲ್ಲ, ಗಾಯಕನದು. ಮಲಯಾಳದಲ್ಲಿ ಇರಯಿಮ್ಮನ್ ತಂಪಿಯವರು 1813ರಲ್ಲಿ ಹುಟ್ಟಿದ ಸ್ವಾತಿ ತಿರುನಾಳರಿಗಾಗಿ ಕಟ್ಟಿದ ಪ್ರಸಿದ್ಧ ಜೋಗುಳವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಅದು ಎಲ್ಲದರಲ್ಲಿಯೂ ಜೋಗುಳವೇ.

ಛಂದಸ್ಸಿನ ಮಾತೂ ಹೀಗೆಯೇ. ತ್ರಿಪದಿಯಲ್ಲಿ ಹನ್ನೊಂದು ಗಣಗಳು; ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ನಿದ್ದೆಯನ್ನು ಓಡಿಸಿದುದೂ ಇದೇ ತ್ರಿಪದಿ, ಇರುಳು ತೊಟ್ಟಿಲಿನ ಬಳಿ ನಿದ್ದೆಯನ್ನು ಕರೆದುದೂ ಇದೇ. ಅಂಶಗಣದ ಅಕ್ಷರಗಳನ್ನು ಬೇಕಾದಷ್ಟು ಎಳೆಯಬಹುದಾದ ಕಾರಣ, ಕಲ್ಲು ತಿರುಗುವ ವೇಗಕ್ಕೆ ಅದು ಬಿಗಿಯಾಗುತ್ತದೆ, ತೊಟ್ಟಿಲ ತೂಗಾಟಕ್ಕೆ ಸಡಿಲವಾಗುತ್ತದೆ. ಮೊದಲೆರಡು ಸಾಲುಗಳಿಗೆ ನಾಲ್ಕು ನಾಲ್ಕು ಗಣಗಳಿದ್ದು ಮೂರನೆಯದಕ್ಕೆ ಮೂರೇ ಇರುವುದರಿಂದ ಕೊನೆಯಲ್ಲಿ ಒಂದಿಷ್ಟು ತೆರಪು ಉಳಿಯುತ್ತದೆ. ಅಲ್ಲಿ ಹಾಡು ನಿಂತು, ತೊಟ್ಟಿಲ ಹಗ್ಗವೊಂದೇ ಸದ್ದು ಮಾಡುತ್ತದೆ. ಮಾತ್ರಾಗಣದ ಕಟ್ಟಿನಲ್ಲಿ ಬರೆದ ಆಧುನಿಕ ಜೋಗುಳಗಳಿಗೆ ಈ ಸಡಿಲಿಕೆ ಸಾಲದು. ಅವುಗಳಲ್ಲಿ ಅನೇಕವು ಸೊಗಸಾದ ಕವಿತೆಗಳೇ ಹೌದು. ಆದರೆ ಒಂದೊಂದು ಪದ್ಯದಲ್ಲಿಯೂ ಹೊಸ ಕಲ್ಪನೆ ಬಂದು ಎಬ್ಬಿಸುತ್ತಿದ್ದರೆ ಮಲಗುವುದು ಹೇಗೆ?

ಹರಿದಾಸರು ಈ ಮರ್ಮವನ್ನು ಬಲ್ಲವರಾಗಿದ್ದರು. ಅವರ ಜೋಗುಳಗಳಲ್ಲಿ ಕೃಷ್ಣನ ಲೀಲೆಗಳೂ ಅವತಾರಗಳೂ ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತವೆ. ಪಂಡಿತರು ಇದರಲ್ಲಿ ತತ್ತ್ವವನ್ನು ಕಾಣುತ್ತಾರೆ, ಇರಲಿ. ಕೇಳುವವನಿಗೆ ಮುಂದೇನು ಬರುವುದೆಂಬುದು ಮೊದಲೇ ಗೊತ್ತು, ಆದುದರಿಂದ ಕುತೂಹಲದಿಂದ ಎಚ್ಚರವಿರಬೇಕಾಗಿಲ್ಲ. ತಿರುಮಲೆಯಲ್ಲಿ ಏಕಾಂತಸೇವೆಯ ಹೊತ್ತಿಗೆ ಅನ್ನಮಾಚಾರ್ಯರ ಹಾಡಿನಿಂದ ದೇವರನ್ನು ಮಲಗಿಸುವ ಪದ್ಧತಿಯೂ ಈ ಪರಿಚಯದ ಸುಖದ ಮೇಲೆಯೇ ನಿಂತಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಮಾರ್ಕಂಡೇಯ ಪುರಾಣದ ಮದಾಲಸೆ. ಅವಳು ತೊಟ್ಟಿಲ ಮಗನಿಗೆ ಆತ್ಮಜ್ಞಾನವನ್ನು ಉಪದೇಶಿಸುತ್ತಾಳೆ. ಮೂವರು ಮಕ್ಕಳು ವಿರಕ್ತರಾಗುತ್ತಾರೆ. ನಾಲ್ಕನೆಯವನಾದ ಅಲರ್ಕನಿಗಾದರೂ ರಾಜಧರ್ಮವನ್ನು ಕಲಿಸೆಂದು ಗಂಡ ಬೇಡಬೇಕಾಗುತ್ತದೆ. ಮಹತ್ತಾದ ಪ್ರಸಂಗ, ಸಂದೇಹವಿಲ್ಲ. ಆದರೆ ಅದು ಎಬ್ಬಿಸುವ ಹಾಡು. ನಮ್ಮ ವಿಮರ್ಶೆ ಜೋಗುಳದಲ್ಲಿ ಸಂದೇಶವನ್ನು ಹುಡುಕುವಾಗಲೆಲ್ಲ ಮದಾಲಸೆಯನ್ನೇ ಮಾದರಿಯಾಗಿ ಇಟ್ಟುಕೊಂಡಂತಿದೆ.

ಅರ್ಥಕ್ಕೆ ಜೋಗುಳದಲ್ಲಿ ಸ್ಥಳವೇ ಇಲ್ಲವೆಂದಲ್ಲ. ಅದು ಹಾಡುವವಳಿಗಾಗಿ ಇದೆ. ತವರಿನ ನೆನಪು, ಅತ್ತೆಮನೆಯ ಬೇಸರ, ದೂರದಲ್ಲಿ ದುಡಿಯುವ ಗಂಡ: ಬೇರೆ ಯಾರಲ್ಲಿಯೂ ಹೇಳಲಾರದುದನ್ನು, ತಿಳಿಯಲಾರದ ಕೂಸಿನ ಮುಂದೆ ಅವಳು ಹೇಳಬಲ್ಲಳು.

ಈಗ ನಗರದ ಮನೆಗಳಲ್ಲಿ ಮೊಬೈಲಿನ ಜೋಗುಳವೇ ತೊಟ್ಟಿಲಿನ ಬಳಿಗೆ ಬಂದಿದೆ. ಮಳೆಯ ಸದ್ದು, ಫ್ಯಾನಿನ ಸದ್ದು ಕೂಡ ಗಂಟೆಗಟ್ಟಲೆ ಅದರಲ್ಲಿ ದೊರೆಯುತ್ತವೆ. ಕೂಸು ಮಲಗುವುದೂ ಹೌದು. ಅದನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಆ ಯಂತ್ರ ಮಗುವಿನ ಉಸಿರಾಟವನ್ನು ನೋಡಿ ಲಯವನ್ನು ತಗ್ಗಿಸಲಾರದು. ಹೊರನಾಡಿನ ಕನ್ನಡದ ಕೂಸಿಗೆ ತಾಯ್ನುಡಿ ಮೊದಲು ಕಿವಿಗೆ ಬೀಳುವ ಹೊತ್ತೂ ಅದೇ ಆಗಿರುತ್ತದೆ. ಆದುದರಿಂದ ನಮ್ಮ ಸಂಘಗಳು ಹಿರಿಯ ಹೆಂಗಸರಿಂದ ಜೋಗುಳಗಳನ್ನು ಸಂಗ್ರಹಿಸುವಾಗ ಅವರನ್ನು ವೇದಿಕೆಗೆ ಕರೆಯದೆ, ಸಾಧ್ಯವಾದರೆ ಮಲಗಿಸುವ ಹೊತ್ತಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಬೇಕು: ಪಲ್ಲವಿ ಎಷ್ಟು ಸಲ ಮರಳಿತು, ದನಿ ಎಲ್ಲಿ ತಗ್ಗಿತು, ಮಾತು ಹೋಗಿ ಬರಿಯ ಗುನುಗು ಎಲ್ಲಿ ಉಳಿಯಿತು ಎಂಬುದೆಲ್ಲವೂ ಸೇರಿ. ಅಚ್ಚಿನ ಜೋಗುಳಗಳಿಗೆಲ್ಲ ಒಂದು ಕೊನೆಯ ಪದ್ಯವಿದೆ. ಮನೆಯಲ್ಲಿ ಹಾಡುವುದು ಕೂಸು ಮಲಗಿದಲ್ಲಿ, ಅನೇಕ ಸಲ ಸಾಲಿನ ನಡುವೆಯೇ, ನಿಂತುಬಿಡುತ್ತದೆ. ಆ ನಿಂತ ಜಾಗವನ್ನೂ ಗುರುತು ಮಾಡಿಕೊಳ್ಳಬೇಕು.